ಶುಗರ್ ಮಾತ್ರೆ, ಒಣಮೀನು, ಬಿಪಿ: ಒಂದು ಉಪ್ಪಿನ ಲೆಕ್ಕ

ಮಡಿಕೇರಿಯಲ್ಲಿ ಮಳೆ ಹಿಡಿದರೆ ನಮ್ಮನೆಯಲ್ಲಿ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು. ಅಜ್ಜಿಗೆ ಶುಗರ್, ಬಿಪಿ ಎರಡೂ ಇವೆ. ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಶುರು ಮಾಡಿದ ಮೇಲೆ ಬಿಪಿಯೂ ತುಸು ಇಳಿಯಿತು. "ಈ ಮಾತ್ರೆ ಉಪ್ಪನ್ನೂ ಹೊರಗೆ ಹಾಕ್ತದಂತಲ್ಲ, ಇನ್ನು ಒಣಮೀನು ತಿನ್ನಬಹುದಲ್ವಾ ಮಗಾ?" ಅಂದರು. ಉತ್ತರ ಹೊಳೆಯಲಿಲ್ಲ, ಪುಸ್ತಕ ತೆರೆದೆ.

ಕಿಡ್ನಿ ಸೋಸುವ ಸಕ್ಕರೆಯಲ್ಲಿ ಸುಮಾರು 90% ಅನ್ನು ರಕ್ತಕ್ಕೆ ಮರಳಿಸುವುದು ನೆಫ್ರಾನಿನ (ಕಿಡ್ನಿಯ ಸಣ್ಣ ಸೋಸುವ ಕೊಳವೆ) ಮೊದಲ ಭಾಗದಲ್ಲಿರುವ ಎಸ್‌ಜಿಎಲ್‌ಟಿ2 ಎಂಬ ಬಾಗಿಲಿನಂಥ ಪ್ರೋಟೀನ್. ಒಂದು ಗ್ಲೂಕೋಸ್ (ಅಂದರೆ ಸಕ್ಕರೆ) ಒಳಗೆ ಬರಬೇಕಾದರೆ ಉಪ್ಪಿನಲ್ಲಿರುವ ಸೋಡಿಯಂ ಒಂದು ಜೊತೆಗಿರಬೇಕು. ಮಾತ್ರೆ ಈ ಬಾಗಿಲನ್ನೇ ಅಡ್ಡಗಟ್ಟುತ್ತದೆ. ಕೊಡವ ತಿಂಗಳು ಕಕ್ಕಡದ 18ಕ್ಕೆ ಮದ್ದು ಸೊಪ್ಪಿನ ಪಾಯಸ ಉಂಡರೆ ಮೂತ್ರ ಕೆಂಪಾಗುವುದು ಕೊಡಗಿನವರಿಗೆಲ್ಲ ಗೊತ್ತು. ಈ ಮಾತ್ರೆಗೆ ಬಣ್ಣ ಬದಲಾಗದು, ಸಕ್ಕರೆ ಮಾತ್ರ ಸೇರಿಕೊಳ್ಳುತ್ತದೆ. ಹಾಗಾಗಿ ಇದನ್ನು ನುಂಗುವವರ ಮೂತ್ರದಲ್ಲಿ ಸಕ್ಕರೆ ಕಂಡರೆ 'ಕಂಟ್ರೋಲ್ ತಪ್ಪಿದೆ' ಎಂದು ಬರೆಯಬೇಡಿ.

ಈಗ ನನ್ನನ್ನು ತಡೆದು ನಿಲ್ಲಿಸಿದ ಲೆಕ್ಕ. ದಿನಕ್ಕೆ 70 ಗ್ರಾಂ ಗ್ಲೂಕೋಸ್ ಹೊರಬಿತ್ತೆನ್ನಿ, ಅಂದರೆ ಸುಮಾರು 390 ಮಿಲಿಮೋಲ್ (ಅಣುಗಳನ್ನು ಎಣಿಸುವ ಮಾನ). ಅಷ್ಟೇ ಸೋಡಿಯಂ ಜೊತೆಗೆ ಹೋದರೆ 22 ಗ್ರಾಂ ಉಪ್ಪಿಗೂ ಮೀರುತ್ತದೆ! ವಿಶ್ವ ಆರೋಗ್ಯ ಸಂಸ್ಥೆ ತಿನ್ನಲು ಹೇಳುವುದೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಹೀಗೆ ಹೋದರೆ ಮನುಷ್ಯ ಉಳಿಯುವುದಿಲ್ಲ. ಆದರೆ ನೆಫ್ರಾನಿನ ಮುಂದಿನ ಭಾಗಗಳು ಆ ಸೋಡಿಯಂನ ಬಹುಪಾಲನ್ನು ಹಿಡಿದುಕೊಳ್ಳುತ್ತವೆ. ಮೊದಲ ಕೆಲವು ದಿನ ಒಂದಿಷ್ಟು ಹೆಚ್ಚಿಗೆ ಹೋಗಿ, ಆಮೇಲೆ ತಿಂದಷ್ಟೇ ಹೊರಗೆ ಹೋಗುವ ಸಮತೋಲಕ್ಕೆ ದೇಹ ಮರಳುತ್ತದೆ. ಆದರೆ ಮೊದಲಿಗಿಂತ ಸ್ವಲ್ಪ ಕಡಿಮೆ ನೀರಿನ ಮಟ್ಟದಲ್ಲಿ. ಮೇಲಿನ ಬಿಪಿ ಸಾಮಾನ್ಯವಾಗಿ ಇಳಿಯುವುದು 3ರಿಂದ 5 ಮಿ.ಮೀ. ಅಷ್ಟೇ. ಕಿಡ್ನಿ ಸೊರಗಿ ಸಕ್ಕರೆ ಹೆಚ್ಚು ಹೊರಹೋಗದವರಲ್ಲೂ ಈ ಇಳಿಕೆ ಉಳಿಯುತ್ತದೆ. ಎಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೆ ಬರೆದರೆ ಉತ್ತರ ಅರ್ಧವೇ.

ಪಯೋಗ್ಲಿಟಜೋನ್ ಎಂಬ ಇನ್ನೊಂದು ಶುಗರ್ ಮಾತ್ರೆ ಇದಕ್ಕೆ ತಿರುಗುಮುರುಗು: ಅದು ಉಪ್ಪು-ನೀರನ್ನು ಹಿಡಿದಿಡುತ್ತದೆ, ಕಾಲು ಊದುತ್ತದೆ, ಹೃದಯ ಸೋತವರಿಗೆ ಕೊಡುವುದಿಲ್ಲ. 'ಶುಗರ್ ಮಾತ್ರೆ' ಎಂದು ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಹಾಗಾದರೆ ಒಣಮೀನು? ಸೋಡಿಯಂ ಸಮತೋಲ ತಲುಪಿದ ಮೇಲೆ ಹೆಚ್ಚು ತಿಂದರೆ ಆ ಹೆಚ್ಚು ಉಪ್ಪಿನೊಂದಿಗೆ ನೀರೂ ನಿಲ್ಲುತ್ತದೆ, ಮಾತ್ರೆ ಗಳಿಸಿದ ನಾಲ್ಕು ಮಿ.ಮೀ. ಸುಲಭವಾಗಿ ಕೈತಪ್ಪುತ್ತದೆ. ಅಜ್ಜಿಗೆ ಇದನ್ನು ನಾನು ಹೇಳಿದ್ದು, "ತೂತಿನ ಕೊಡ ಅಜ್ಜಿ, ಆದ್ರೆ ತೂತು ಚಿಕ್ಕದು" ಎಂದು. ನಕ್ಕರು, ಒಪ್ಪಿದರೋ ಗೊತ್ತಿಲ್ಲ.

ಇನ್ನೊಂದು ತುದಿಯನ್ನೂ ನೆನಪಿಡಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೂ ಇದ್ದು, ಉಪ್ಪನ್ನು ಒಮ್ಮೆಗೇ ಬಿಟ್ಟರೆ, ಎದ್ದು ನಿಂತಾಗ ತಲೆ ಸುತ್ತಬಹುದು. ವಾಂತಿ-ಭೇದಿಯಾಗಿ ಊಟ ನಿಂತ ದಿನ ಈ ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು; ದೇಹದ ನೀರು ಇಳಿಯುವುದಲ್ಲದೆ, ರಕ್ತದಲ್ಲಿ ಸಕ್ಕರೆ ತೀರಾ ಏರದೆಯೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಬರಬಹುದು. ಅಜ್ಜಿ ಈಗ ಮೀನನ್ನು ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಆಮೇಲೆ ಸುಡುತ್ತಾರೆ. ಒಂದೇ ತುಂಡು, ಭಾನುವಾರ.