ಮುಚ್ಚಳದ ಮೇಲೆ ಏಸಿ

ಪಾಪ್-ಟಾಪ್ ಕ್ಯಾಂಪರ್ ವ್ಯಾನ್ ನೋಡಿದ್ದೀರಾ? ಓಡುವಾಗ ಅದು ಮಾಮೂಲಿ ವ್ಯಾನಿನಷ್ಟೇ ಎತ್ತರ. ನಿಲ್ಲಿಸಿ, ಕೊಂಡಿ ಬಿಚ್ಚಿ ಮೇಲಕ್ಕೆ ತಳ್ಳಿದರೆ ಚಾವಣಿ ಎದ್ದು ನಿಲ್ಲುತ್ತದೆ. ಅಲ್ಲಿಯವರೆಗೆ ಮಡಚಿಕೊಂಡಿದ್ದ ಕ್ಯಾನ್ವಾಸ್ ಬಟ್ಟೆ ಬಿಚ್ಚಿಕೊಂಡು ಸುತ್ತಲೂ ಗೋಡೆಯಾಗುತ್ತದೆ. ಕೆಳಗೆ ನೆಟ್ಟಗೆ ನಿಂತು ಅಡುಗೆ ಮಾಡಬಹುದು, ಮೇಲೆ ಇಬ್ಬರು ಮಲಗಬಹುದು. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲೇ ಫೋಕ್ಸ್‌ವ್ಯಾಗನ್ ವ್ಯಾನುಗಳೊಳಗೆ ಮಲಗುವ ವ್ಯವಸ್ಥೆ ಮಾಡಿಕೊಡಲು ಶುರುಮಾಡಿತ್ತು. ಏಳುವ ಚಾವಣಿ ಆಮೇಲೆ ಬಂತು. ಇಂಥ ವ್ಯಾನ್ ಕೊಂಡವರಿಗೆ ಮೊದಲ ಬೇಸಿಗೆಯಲ್ಲೇ ಒಂದು ಆಸೆ ಹುಟ್ಟುತ್ತದೆ: ಇದರ ನೆತ್ತಿಯ ಮೇಲೊಂದು ಏಸಿ ಕೂರಿಸಿಬಿಟ್ಟರೆ?

ಕೂರಿಸಬಹುದು. ಕೂರಿಸಿದವರೂ ಇದ್ದಾರೆ. ಆದರೆ ಚಾವಣಿ ಏಸಿ ಮಾಡುವವರು ಚಾವಣಿ ಅಂದರೆ ಇದ್ದಲ್ಲೇ ಇರುವ ವಸ್ತು ಅಂದುಕೊಂಡು ಮಾಡಿರುತ್ತಾರೆ. ಈ ವ್ಯಾನಿಗಿರುವುದು ಚಾವಣಿಯಲ್ಲ, ಮುಚ್ಚಳ. ದಿನಾ ಎತ್ತಿ ಇಳಿಸುವ ಮುಚ್ಚಳದ ಮೇಲೆ ಒಂದು ಯಂತ್ರ ಇಡುವುದು ಬೇರೆಯದೇ ಲೆಕ್ಕ.

ಮೊದಲು ಸುಲಭದ ಭಾಗ ಮುಗಿಸೋಣ. ಅಮೆರಿಕದ ಕ್ಯಾಂಪರ್ ಗಾಡಿಗಳಲ್ಲಿ ಚಾವಣಿಯ ತೂತಿಗೆ ಒಂದು ರೂಢಿಯ ಅಳತೆ ಇದೆ, 14 ಇಂಚಿನ ಚೌಕ. ಗಾಳಿ ಹೊರಗೆ ಎಳೆಯುವ ಫ್ಯಾನಿಗೂ ಅದೇ ತೂತು, ಏಸಿಗೂ ಅದೇ. ಯುರೋಪಿನಲ್ಲಿ 400 ಮಿಲಿಮೀಟರ್ ಚೌಕ. ಹಾಗಾಗಿ ಹಳೇ ಫ್ಯಾನ್ ಬಿಚ್ಚಿ, ಅದೇ ಜಾಗಕ್ಕೆ ಏಸಿ ಇಳಿಸಿ, ಒಳಗಿನಿಂದ ನಾಲ್ಕು ಉದ್ದ ಬೋಲ್ಟ್ ಬಿಗಿದರೆ ಮುಗೀತು ಅನ್ನಿಸುತ್ತದೆ. ಒಂದು ಮಧ್ಯಾಹ್ನದ ಕೆಲಸ. ಅನ್ನಿಸುವುದು ಹಾಗೆ.

ಈಗ ತೂಕ. ಚಾವಣಿ ಏಸಿ ಸಾಮಾನ್ಯವಾಗಿ 30ರಿಂದ 45 ಕೆಜಿ ತೂಗುತ್ತದೆ. ನಾವು 35 ಅಂದುಕೊಳ್ಳೋಣ. ಓಡುವ ವ್ಯಾನಿಗೆ ಇದು ದೊಡ್ಡ ಭಾರವೇನಲ್ಲ, ಮೇಲೊಬ್ಬ ಹುಡುಗ ಕೂತ ಹಾಗೆ. ತೊಂದರೆ ಬರುವುದು ಮುಚ್ಚಳ ಎತ್ತುವಾಗ. ಒಂದು ಕೊನೆಯಲ್ಲಿ ಕೀಲು ಇರುವ, 2.4 ಮೀಟರ್ ಉದ್ದದ, 40 ಕೆಜಿಯ ಮುಚ್ಚಳ ಇದೆ ಅನ್ನಿ. ಅದರ ಭಾರವೆಲ್ಲ ನಡುವೆ ಇದೆ ಅಂತ ಲೆಕ್ಕ ಹಿಡಿದರೆ, ಇನ್ನೊಂದು ತುದಿ ಹಿಡಿದು ಎತ್ತುವವರ ಕೈಗೆ ಬರುವುದು ಅರ್ಧ, ಅಂದರೆ 20 ಕೆಜಿ. ಈಗ ಕೀಲಿನಿಂದ 1.8 ಮೀಟರ್ ದೂರದಲ್ಲಿ ಏಸಿ ಕೂರಿಸಿ. ಕೈಗೆ ಇನ್ನೂ 26 ಕೆಜಿ ಸೇರುತ್ತದೆ. ಅದೇ ಏಸಿಯನ್ನು ಕೀಲಿನ ಹತ್ತಿರ, 60 ಸೆಂಟಿಮೀಟರ್‌ನಲ್ಲಿ ಕೂರಿಸಿದರೆ ಸೇರುವುದು ಬರೀ 9 ಕೆಜಿ. ಯಂತ್ರ ಅದೇ, ತೂಕ ಅದೇ. ಶಾಲೆಯಲ್ಲಿ ಓದಿದ ಸನ್ನೆಕೋಲಿನ ಪಾಠ ಇದು, ಅಷ್ಟೇ. ಎಷ್ಟು ತೂಕ ಅನ್ನುವುದಕ್ಕಿಂತ ಎಲ್ಲಿ ತೂಕ ಅನ್ನುವ ಪ್ರಶ್ನೆ ದೊಡ್ಡದು.

ಬರೀ ಕೈಯಲ್ಲಿ ಯಾರು ಎತ್ತುತ್ತಾರೆ, ಗ್ಯಾಸ್ ಸ್ಟ್ರಟ್ ಇರುತ್ತದಲ್ಲ ಅಂತ ನೀವು ಕೇಳಬಹುದು. ಕಾರಿನ ಡಿಕ್ಕಿ ಬಾಗಿಲು ಎತ್ತಿದಾಗ ಅಕ್ಕಪಕ್ಕದಲ್ಲಿ ಜಾರಿಕೊಂಡು ಉದ್ದವಾಗುವ ಆ ಕಪ್ಪು ಕೊಳವೆಗಳೇ ಅವು. ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಇರುತ್ತದೆ. ಅದು ಸದಾ ಹೊರಗೆ ತಳ್ಳುತ್ತಿರುತ್ತದೆ. ಆದರೆ ಸ್ಟ್ರಟ್ ಕೂರುವುದು ಕೀಲಿನ ಪಕ್ಕದಲ್ಲೇ. ಅಲ್ಲಿ ಅದಕ್ಕೆ ಸಿಗುವ ತೋಳು 30 ಸೆಂಟಿಮೀಟರ್ ಇದ್ದರೆ ಹೆಚ್ಚು. 1.8 ಮೀಟರ್ ದೂರದ 35 ಕೆಜಿಯನ್ನು 30 ಸೆಂಟಿಮೀಟರ್‌ನಿಂದ ಎತ್ತಬೇಕಾದರೆ ಆರು ಪಟ್ಟು ಬಲ ಬೇಕು, ಅಂದರೆ 210 ಕೆಜಿಯಷ್ಟು. ಎರಡು ಸ್ಟ್ರಟ್ ಇದ್ದರೆ ಒಂದೊಂದಕ್ಕೆ ಸುಮಾರು 1,000 ನ್ಯೂಟನ್ ಹೆಚ್ಚುವರಿ ಹೊರೆ. ಸ್ಟ್ರಟ್ಟಿನ ಮೈಮೇಲೆ ಅದರ ಬಲವನ್ನು ನ್ಯೂಟನ್‌ನಲ್ಲೇ ಬರೆದಿರುತ್ತಾರೆ, ನೋಡಿಕೊಳ್ಳಬಹುದು. ಆ ಬಲವನ್ನೆಲ್ಲ ತಡೆಯಬೇಕಾದ್ದು ಫೈಬರ್‌ಗ್ಲಾಸಿಗೆ ಹೊಡೆದ ಎರಡು ಚಿಕ್ಕ ತಗಡಿನ ತುಂಡು. ಸ್ಟ್ರಟ್ ಬದಲಿಸುವವರು ಆ ತುಂಡುಗಳ ಕಡೆ ನೋಡುವುದೇ ಇಲ್ಲ.

ಹಾಗಂತ ಭರ್ಜರಿ ಸ್ಟ್ರಟ್ ಹಾಕಿಬಿಟ್ಟರೆ ಇನ್ನೊಂದು ಪೇಚು. ಚಳಿಗಾಲಕ್ಕೆ ಏಸಿ ಇಳಿಸಿಟ್ಟಿರಿ ಅನ್ನಿ. ಕೊಂಡಿ ಬಿಚ್ಚಿದ ಕೂಡಲೇ ಮುಚ್ಚಳ ಧಡ್ ಅಂತ ಮೇಲಕ್ಕೆ ಹಾರುತ್ತದೆ. ಆಮೇಲೆ ಅದನ್ನು ಮುಚ್ಚಲು ಇಬ್ಬರು ಜೋತುಬೀಳಬೇಕು. ಇನ್ನೂ ಒಂದಿದೆ. ಗ್ಯಾಸು ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆ. ಮಧ್ಯಾಹ್ನ 35 ಡಿಗ್ರಿ ಇದ್ದದ್ದು ರಾತ್ರಿ 5 ಡಿಗ್ರಿಗೆ ಬಂದರೆ ಸ್ಟ್ರಟ್ಟಿನ ಬಲ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಮಧ್ಯಾಹ್ನ ಹೇಗೋ ನಿಂತಿದ್ದ ಮುಚ್ಚಳ ರಾತ್ರಿ ಮೆಲ್ಲಗೆ ತಲೆಯ ಮೇಲೆ ಇಳಿಯಬಹುದು. ಅದಕ್ಕೇ ಏಸಿ ಹೊತ್ತ ಮುಚ್ಚಳಕ್ಕೆ ಒಂದು ಗಟ್ಟಿ ಊರುಗೋಲು ಬೇಕೇ ಬೇಕು. ಗ್ಯಾಸನ್ನು ನಂಬಿ ಅದರ ಕೆಳಗೆ ಯಾರೂ ಮಲಗಬಾರದು.

ತೂಕದ ಜೊತೆಗೆ ಓರೆಯ ತಾಪತ್ರಯ. 2.4 ಮೀಟರ್ ಮುಚ್ಚಳದ ಒಂದು ತುದಿ ಒಂದು ಮೀಟರ್ ಮೇಲೆದ್ದರೆ ಚಾವಣಿ ಸುಮಾರು 25 ಡಿಗ್ರಿ ವಾಲುತ್ತದೆ. ಏಸಿಯೂ ಅಷ್ಟೇ ವಾಲುತ್ತದೆ, ಅಲ್ವಾ? ಕಂಪ್ರೆಸರಿನ ತಳದಲ್ಲಿ ಎಣ್ಣೆ ನಿಂತಿರುತ್ತದೆ. ಸುತ್ತುವ ಭಾಗಗಳಿಗೆ ಅದು ಅಲ್ಲಿಂದಲೇ ಏರಬೇಕು. ವಾಲಿದಾಗ ಎಣ್ಣೆ ಒಂದು ಮೂಲೆಗೆ ಸರಿಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ತಯಾರಕರು ಕೈಪಿಡಿಯಲ್ಲಿ ಎಷ್ಟು ಡಿಗ್ರಿ ಓರೆ ಇರಬಹುದು ಅಂತ ಬರೆದಿರುತ್ತಾರೆ, 25 ಡಿಗ್ರಿಗೆ ಅವರು ಒಪ್ಪುವುದು ಅನುಮಾನ. ಅಂದರೆ ಹೀಗೆ ವಾಲುವ ಮುಚ್ಚಳವಾದರೆ ಏಸಿ ಓಡಿಸುವುದು ಮುಚ್ಚಿದ್ದಾಗ ಮಾತ್ರ. ಕತ್ತರಿಯಂಥ ಕಾಲುಗಳ ಮೇಲೆ ನಾಲ್ಕೂ ಮೂಲೆ ಸಮನಾಗಿ ಏಳುವ ಚಾವಣಿಗಳೂ ಇವೆ. ಅವಕ್ಕೆ ಈ ತಲೆನೋವಿಲ್ಲ.

ಮುಚ್ಚಿದರೆ ಒಳಗೆ ಜಾಗ ಇದೆಯಾ ಅನ್ನುವುದೂ ಪ್ರಶ್ನೆಯೇ. ಏಸಿಯ ಹೊಟ್ಟೆ ಚಾವಣಿಯ ಕೆಳಗೆ ಕೆಲವು ಸೆಂಟಿಮೀಟರ್ ಇಳಿಯುತ್ತದೆ. ಮುಚ್ಚಳ ಮುಚ್ಚಿದಾಗ ಅದು ಮೇಲಿನ ಹಾಸಿಗೆಯ ಹಲಗೆಗೆ ತಾಗಬಾರದು. ಇದನ್ನು ಟೇಪ್ ಹಿಡಿದು ಅಳೆಯಲು ಆಗುವುದಿಲ್ಲ, ಯಾಕೆಂದರೆ ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಹಲಗೆಯ ಮೇಲೆ ನಾಲ್ಕಾರು ಕಡೆ ಒದ್ದೆ ಜೇಡಿಮಣ್ಣಿನ ಉಂಡೆ ಇಟ್ಟು, ಮುಚ್ಚಳ ಪೂರ್ತಿ ಮುಚ್ಚಿ, ಮತ್ತೆ ತೆಗೆಯಿರಿ. ಉಂಡೆ ಎಷ್ಟು ದಪ್ಪಕ್ಕೆ ಅಪ್ಪಚ್ಚಿಯಾಗಿದೆಯೋ ಅಷ್ಟೇ ನಿಮಗಿರುವ ಜಾಗ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ನೀರು. ಗಟ್ಟಿ ಚಾವಣಿಯ ಗಾಡಿಗಳಲ್ಲಿ ತೂತಿನ ಸುತ್ತ ಚೌಕಟ್ಟು ಇರುತ್ತದೆ. ಪಾಪ್-ಟಾಪ್ ಮುಚ್ಚಳ ಹಗುರ ಇರಲಿ ಅಂತ ಮಾಡಿದ ಫೈಬರ್‌ಗ್ಲಾಸ್ ಚಿಪ್ಪು. ಅದರ ನಡುವೆ 35 ಕೆಜಿ ಕೂತರೆ ಅದು ಕೆಲವು ಮಿಲಿಮೀಟರ್ ಕುಸಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರಿಗೆ ಅಷ್ಟು ಸಾಕು. ಮೊದಲು ಅಂಚಿಗೆ ಹರಿದುಹೋಗುತ್ತಿದ್ದ ಮಳೆನೀರು ಈಗ ಇಡೀ ಚಾವಣಿಯ ಅತಿ ತಗ್ಗಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಆ ತಗ್ಗು ಇರುವುದು ಏಸಿಯ ಬುಡದಲ್ಲಿ, ನೀವೇ ತೂತು ಬಿಟ್ಟಿರುವ ಕಡೆ!

ಆಗ ಜನ ಮಾಡುವ ಮೊದಲ ಕೆಲಸ ಬೋಲ್ಟ್ ಇನ್ನಷ್ಟು ಬಿಗಿಯುವುದು. ಏಸಿಯ ತಳದಲ್ಲಿ ಸ್ಪಂಜಿನಂಥ ದಪ್ಪ ಗ್ಯಾಸ್ಕೆಟ್ ಇರುತ್ತದೆ. ಅದು ಅರ್ಧದಷ್ಟು ದಪ್ಪಕ್ಕೆ ಒತ್ತಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗಿನ ಸ್ಪಂಜು ಮತ್ತೆ ಉಬ್ಬಲು ನೋಡುತ್ತಿರುತ್ತದೆ, ಆ ಒತ್ತಡವೇ ನೀರನ್ನು ತಡೆಯುವುದು. ಪೂರ್ತಿ ಚಪ್ಪಟೆ ಮಾಡಿದರೆ ಅದರ ಜೀವ ಹೋಯಿತು. ಮೇಲಾಗಿ ಚಿಪ್ಪಿನ ಪದರಗಳ ನಡುವೆ ಫೋಮ್ ಇದ್ದರೆ ಬಿಗಿದಷ್ಟೂ ಅದು ಜಜ್ಜಿಹೋಗುತ್ತದೆ, ತಗ್ಗು ಇನ್ನೂ ಆಳವಾಗುತ್ತದೆ. ನೀರು ಬೋಲ್ಟಿನ ಗುಂಟ ಇಳಿದು, ನಟ್ಟಿನ ತುದಿಯಲ್ಲಿ ಹನಿಯಾಗಿ ತೂಗಿ, ದಿಂಬಿನ ಮೇಲೆ ಬೀಳುತ್ತದೆ.

ಸರಿಯಾದ ದಾರಿ ಬೇರೆ. ತೂತಿನ ಒಳಅಂಚಿನ ಫೋಮ್ ಕೆರೆದು ತೆಗೆದು, ಅಲ್ಲಿ ಗಟ್ಟಿಮರದ ಪಟ್ಟಿ ಕೂರಿಸಿ ಅಂಟು ಹಾಕಬೇಕು. ಬೋಲ್ಟಿನ ಒತ್ತು ಮರದ ಮೇಲೆ ಬೀಳಲಿ. ಆಮೇಲೆ ಮುಚ್ಚಳದ ಒಳಮೈಗೆ ಎಡದಿಂದ ಬಲಕ್ಕೆ ಎರಡು ಅಡ್ಡಪಟ್ಟಿ, ಮೇಲಕ್ಕೆ ಸ್ವಲ್ಪವೇ ಕಮಾನಾಗಿ ಬಾಗಿದವು. ಏಸಿಯ ಭಾರ ಅವುಗಳ ಮೂಲಕ ಅಂಚಿಗೆ, ಅಂಚಿನಿಂದ ವ್ಯಾನಿನ ಮೈಗೆ ಹೋಗುತ್ತದೆ. ರಸ್ತೆಯ ಗುಂಡಿಗೆ ಚಕ್ರ ಇಳಿದಾಗ 35 ಕೆಜಿ ಒಂದು ಕ್ಷಣ 70 ಕೆಜಿಯ ಹಾಗೆ ಒತ್ತಬಹುದು ಅನ್ನುವುದೂ ನೆನಪಿರಲಿ.

ಇಷ್ಟೆಲ್ಲ ಮಾಡಿದ ಮೇಲೆ ತಂಪಾಗುತ್ತದಾ? ಏಸಿಯನ್ನು ಟನ್ ಲೆಕ್ಕದಲ್ಲಿ ಹೇಳುವುದು ಐಸಿನ ಕಾಲದ ನೆನಪು. ಅಮೆರಿಕದ ಒಂದು ಟನ್, ಅಂದರೆ 907 ಕೆಜಿ ಐಸು 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅದು ಒಂದು ಟನ್. ನಮ್ಮ ಲೆಕ್ಕದಲ್ಲಿ 3.5 ಕಿಲೋವ್ಯಾಟ್, ಪೆಟ್ಟಿಗೆಯ ಮೇಲಿನ ಲೆಕ್ಕದಲ್ಲಿ 12,000 ಬಿಟಿಯು. ಕ್ಯಾಂಪರುಗಳಲ್ಲಿ ಜಾಸ್ತಿ ಕಾಣುವ 13,500 ಬಿಟಿಯು ಏಸಿ ಒಂದು ಟನ್ನಿಗಿಂತ ತುಸು ದೊಡ್ಡದು. ಒಂದು ವ್ಯಾನಿಗೆ ಇದು ಧಾರಾಳ ಅನ್ನಿಸಬಹುದು. ಆದರೆ ಸುಡು ಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. ಮುಂದಿನ ಗಾಜು, ಪಕ್ಕದ ಗಾಜು ಎಲ್ಲ ಸೇರಿ ಎರಡು ಚದರ ಮೀಟರ್ ಬಿಸಿಲಿಗೆ ಒಡ್ಡಿಕೊಂಡರೆ ಏಸಿಯ ಹೆಚ್ಚುಕಡಿಮೆ ಅರ್ಧ ದುಡಿಮೆ ಅಲ್ಲೇ ಖರ್ಚು. ಗಾಜಿಗೆ ಹೊರಗಿನಿಂದ ಒಂದು ಹೊದಿಕೆ ಹಾಕಿ, ಚಾವಣಿಗೆ ಬಿಳಿ ಬಣ್ಣ ಬಳಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಹೊದಿಕೆ ಒಳಗೆ ಹಾಕಿದರೆ ಅಷ್ಟು ಪ್ರಯೋಜನವಿಲ್ಲ, ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ.

ಸಮನಾಗಿ ಏಳುವ ಚಾವಣಿಯವರು ರಾತ್ರಿ ಮುಚ್ಚಳ ಎತ್ತಿಟ್ಟೇ ಏಸಿ ಹಾಕುತ್ತಾರೆ. ಅವರಿಗೆ ಕ್ಯಾನ್ವಾಸಿನ ಲೆಕ್ಕವೂ ಬೇಕು. ಒಂದೇ ಪದರದ ಬಟ್ಟೆ ಬಿಸಿಯನ್ನು ತಡೆಯುವುದೇ ಇಲ್ಲ ಅನ್ನಬಹುದು. ಒಳಗಿಗೂ ಹೊರಗಿಗೂ 12 ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರ್ ಬಟ್ಟೆಯಿಂದ 70 ವ್ಯಾಟ್‌ನಷ್ಟು ಒಳಗೆ ಬರುತ್ತದೆ. ಚೆನ್ನಾಗಿ ಫೋಮ್ ಹಾಕಿದ ಗೋಡೆಯಿಂದ ಬರುವುದು ಅದರ ಕಾಲುಭಾಗ. ಒಳಗೊಂದು ರಜಾಯಿಯಂಥ ದಪ್ಪ ಪರದೆ ತೂಗುಹಾಕಿದರೆ ದೊಡ್ಡ ವ್ಯತ್ಯಾಸವಾಗುತ್ತದೆ.

ಹಾಗಾದರೆ ಇನ್ನೂ ದೊಡ್ಡ ಏಸಿ ಹಾಕೋಣವೇ? ಬೇಡ. ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ತನ್ನ ಏಸಿ ಯಂತ್ರ ರೂಪಿಸಿದ್ದು ಜನರನ್ನು ತಂಪಾಗಿಡಲು ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವವನ್ನು ಹಿಡಿತದಲ್ಲಿಡುವುದು ಅವನ ಕೆಲಸ. ಇವತ್ತಿಗೂ ಏಸಿಯ ಅರ್ಧ ಸುಖ ಒಣಗಾಳಿಯದ್ದೇ. ಗಂಟೆಗೆ ಒಂದು ಲೀಟರ್ ನೀರು ಗಾಳಿಯಿಂದ ಹಿಂಡಬೇಕಾದರೆ ಸುಮಾರು 680 ವ್ಯಾಟ್ ತಂಪು ಅದಕ್ಕೇ ಹೋಗುತ್ತದೆ, ಮತ್ತು ಅದಕ್ಕೆ ಸಮಯ ಬೇಕು. ಪುಟ್ಟ ವ್ಯಾನಿಗೆ ಭಾರಿ ಏಸಿ ಹಾಕಿದರೆ ಅದು ಐದು ನಿಮಿಷದಲ್ಲಿ ಗಾಳಿ ತಣ್ಣಗೆ ಮಾಡಿ ನಿಂತುಬಿಡುತ್ತದೆ. ಕಾಯಿಲ್, ಅಂದರೆ ಏಸಿಯೊಳಗಿನ ತಣ್ಣನೆಯ ಕೊಳವೆಗಳ ಸುರುಳಿ, ಅದರ ಮೇಲಿನ ಹನಿಗಳು ಕೆಳಗೆ ಇಳಿಯುವ ಮೊದಲೇ ಮತ್ತೆ ಆವಿಯಾಗಿ ಒಳಗೇ ಸೇರುತ್ತವೆ. ಚಳಿಯೂ ಆಗುತ್ತದೆ, ಮೈಯೂ ಅಂಟಂಟು.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಸರಳ ಮತ್ತು ಬೇಸರದ್ದು. ಇಂಥ ಏಸಿ ಓಡುವಾಗ ಸುಮಾರು 1,300 ವ್ಯಾಟ್ ಕೇಳುತ್ತದೆ, ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು. 12 ವೋಲ್ಟಿನ 100 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಇರುವುದೇ 1,200 ವ್ಯಾಟ್-ಗಂಟೆ. ಒಂದು ಗಂಟೆಯೂ ಬರುವುದಿಲ್ಲ. 12 ವೋಲ್ಟಿನಲ್ಲಿ ಅಷ್ಟು ವ್ಯಾಟ್ ಎಳೆದರೆ ವೈರಿನಲ್ಲಿ 100 ಆಂಪಿಯರ್ ದಾಟುತ್ತದೆ. 48 ವೋಲ್ಟಿಗೆ ಹೋದರೆ ಅದರ ಕಾಲುಭಾಗ, ಅದೇ ವೈರು ಬಿಸಿಯಾಗುವುದು ಹದಿನಾರನೇ ಒಂದು ಪಾಲು. ಇಲ್ಲೂ ಮುಚ್ಚಳದ ಕಾಟ ತಪ್ಪಿದ್ದಲ್ಲ. ವೈರು ಕೀಲನ್ನು ದಾಟಿಯೇ ಮೇಲೆ ಹೋಗಬೇಕು, ಪ್ರತಿ ಸಲ ಎತ್ತಿದಾಗಲೂ ಬಾಗುತ್ತದೆ. ಒಂಟಿ ದಪ್ಪ ತಂತಿ ಬಾಗಿ ಬಾಗಿ ಮುರಿಯುತ್ತದೆ. ಸಣ್ಣ ಎಳೆಗಳ ವೈರು, ಅಗಲವಾದ ಒಂದು ಸುತ್ತು, ಉಜ್ಜದ ಹಾಗೆ ಮೇಲೊಂದು ಕೊಳವೆ ಬೇಕು.

ನನ್ನನ್ನು ಕೇಳಿದರೆ, ಚಾಲಕನ ತಲೆಯ ಮೇಲೆ ಏಳದ ಚಾವಣಿಯ ಭಾಗ ಇದ್ದರೆ ಅಲ್ಲೇ ಏಸಿ ಕೂರಿಸಿ ಅನ್ನುತ್ತೇನೆ. ಇಲ್ಲವಾದರೆ ಕಂಪ್ರೆಸರ್ ವ್ಯಾನಿನ ಹೊಟ್ಟೆಯ ಕೆಳಗೆ, ತಂಪು ಬೀಸುವ ಭಾಗ ಮಾತ್ರ ಒಳಗೆ, ಹೀಗೆ ಎರಡಾಗಿ ಒಡೆದದ್ದು ಒಳ್ಳೆಯದು. ಆದರೂ ಮುಚ್ಚಳದ ಮೇಲೇ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಅವರಿಗೊಂದು ಕಿವಿಮಾತು. ಮುಚ್ಚಳ ಮುಚ್ಚಿ ಇಡೀ ಮಧ್ಯಾಹ್ನ ಏಸಿ ಓಡಿಸಿ, ಸಂಜೆ ಆರಿಸಿದ ಕೂಡಲೇ ಚಾವಣಿ ಎತ್ತಬೇಡಿ. ಕಾಯಿಲ್ ಒದ್ದೆಯಾಗಿರುತ್ತದೆ, ಅದರ ಕೆಳಗೆ ಹನಿ ಹಿಡಿಯುವ ತಟ್ಟೆಯಲ್ಲಿ ನೀರು ಉಳಿದಿರುತ್ತದೆ. ತಂಪು ನಿಲ್ಲಿಸಿ ಬರೀ ಫ್ಯಾನನ್ನು ಅರ್ಧ ಗಂಟೆ ತಿರುಗಲು ಬಿಡಿ, ಆಮೇಲೆ ಎತ್ತಿ. ಮೊದಲ ಸಲವಾದರೆ ಹಾಸಿಗೆ ಪಕ್ಕಕ್ಕೆ ಸರಿಸಿಟ್ಟೇ ಎತ್ತಿ.