ಒಲೆಯ ಹೊಗೆ ಹವಾಮಾನ ನೀತಿಗೆ ಬಂದ ದಾರಿ

2025ರ ನವೆಂಬರಿನಲ್ಲಿ ಬ್ರೆಜಿಲಿನ ಬೆಲೆಂನಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನಡೆಯಿತು. ಹವಾಮಾನ ನೀತಿಯಲ್ಲಿ ಹೆಣ್ಣು ಗಂಡಿನ ಸಮಾನತೆಗೆ ಅಂತಲೇ ಒಂದು ಹೊಸ ಕ್ರಿಯಾ ಯೋಜನೆಗೆ ದೇಶಗಳು ಅಲ್ಲಿ ಒಪ್ಪಿಗೆ ಕೊಟ್ಟವು. ಆ ಸುದ್ದಿ ಓದಿದ ವಾರ ನಾನು ತುಮಕೂರು ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೆ. ಚಿಕ್ಕಮ್ಮ ಮುದ್ದೆಗೆ ಎಸರಿಟ್ಟಿದ್ದರು, ಸೌದೆ ಒಲೆಯಲ್ಲಿ. ಪಕ್ಕದ ಕಟ್ಟೆಯ ಮೇಲೆ ಗ್ಯಾಸ್ ಒಲೆ ಒರೆಸಿ ಇಟ್ಟಂತೆ ಹೊಳೀತಿತ್ತು.

ಬೆಲೆಂನ ಕಾಗದಕ್ಕೂ ಈ ಅಡುಗೆಮನೆಗೂ ಸಂಬಂಧ ಇದೆ. ಆದರೆ ಕಾಡು, ಆರೋಗ್ಯ, ಸಬ್ಸಿಡಿ, ಕಾರ್ಬನ್ ಎಲ್ಲಾ ಸೇರಿ ಅದು ಎಷ್ಟು ಸಿಕ್ಕಾಗಿದೆ ಅಂದರೆ, ಎಲ್ಲಿ ಶುರುವಾಯ್ತು ಅನ್ನೋದೇ ಮರೆತುಹೋಗಿದೆ.

ಸಮ್ಮೇಳನಗಳ ಕತೆ ಬೇಗ ಮುಗಿಯುತ್ತದೆ. 1992ರಲ್ಲಿ ರಿಯೋದಲ್ಲಿ ಸಹಿಯಾದ ಹವಾಮಾನ ಒಪ್ಪಂದದಲ್ಲಿ ಹೆಂಗಸರ ಪ್ರಸ್ತಾಪವೇ ಇಲ್ಲ. 2001ರಲ್ಲಿ ಮರ್ರಾಕೇಶ್‌ನಲ್ಲಿ, ಸಮಿತಿಗಳಿಗೆ ಹೆಂಗಸರನ್ನೂ ಆರಿಸಿ ಅಂತ ಒಂದು ನಿರ್ಣಯ ಆಯಿತು. 2014ರಲ್ಲಿ ಲಿಮಾದಲ್ಲಿ ಹೆಣ್ಣು ಗಂಡಿನ ಸಮಾನತೆಗೆ ಒಂದು ಕಾರ್ಯಕ್ರಮ, 2015ರಲ್ಲಿ ಪ್ಯಾರಿಸ್ ಒಪ್ಪಂದದಲ್ಲಿ ಒಂದೆರಡು ಸಾಲು, 2017ರಲ್ಲಿ ಬಾನ್‌ನಲ್ಲಿ ಮೊದಲ ಕ್ರಿಯಾ ಯೋಜನೆ. 2024ರಲ್ಲಿ ಬಾಕುವಿನಲ್ಲಿ ಲಿಮಾ ಕಾರ್ಯಕ್ರಮವನ್ನು ಇನ್ನು ಹತ್ತು ವರ್ಷ ಮುಂದುವರಿಸಿದರು. ಆಮೇಲೆ ಬೆಲೆಂ. ನಮ್ಮ ದೇಶದ 2008ರ ಹವಾಮಾನ ಕ್ರಿಯಾ ಯೋಜನೆಯಲ್ಲಿ ಎಂಟು ಮಿಷನ್‌ಗಳಿವೆ. ಹೆಂಗಸರಿಗೆ ತೊಂದರೆ ಜಾಸ್ತಿ ಆಗಬಹುದು ಅಂತ ಅದು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತದೆ.

ನನಗೆ ಮುಖ್ಯ ಅನ್ನಿಸೋದು ಇದಕ್ಕೆಲ್ಲ ಮೊದಲಿನ ಕಾಲ. ಅದು ನಡೆದದ್ದು ನಮ್ಮಲ್ಲೇ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಅನ್ನೋ ಗುಂಪು ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅನ್ನೋದು ಅದರ ಉದ್ದೇಶ. ಮುಂದೆ ನಿಂತವರು ಅಮೂಲ್ಯ ರೆಡ್ಡಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು, ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ತೆಗೆದರು. ಶಕ್ತಿ ಅಂದರೆ ಆಗ ಎಲ್ಲರಿಗೂ ಕರೆಂಟು, ಡೀಸೆಲ್, ಕಲ್ಲಿದ್ದಲು. ಇವರು ಮನೆಮನೆಗೆ ಹೋಗಿ ಸೌದೆ ತೂಗಿದರು. ಸೌದೆ ತರೋಕೆ, ನೀರು ಹೊರೋಕೆ, ಅಡುಗೆ ಮಾಡೋಕೆ, ದನ ಮೇಯಿಸೋಕೆ ಯಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದುಕೊಂಡರು.

ಸಿಕ್ಕ ಉತ್ತರ ಇದು: ಹಳ್ಳಿ ಓಡೋದು ಸೌದೆ ಮತ್ತು ಮೈಬೆವರಿನ ಮೇಲೆ. ಆ ದುಡಿಮೆಯಲ್ಲಿ ಹೆಂಗಸರ ಪಾಲು ಶೇ. 53, ಗಂಡಸರದ್ದು ಶೇ. 31, ಮಿಕ್ಕ ಶೇ. 16 ಮಕ್ಕಳದ್ದು. 1980ರ ದಶಕದ ಶುರುವಿನಲ್ಲಿ ಸಂಶೋಧಕಿ ಶ್ರೀಲತಾ ಬಟ್ಲಿವಾಲಾ ಈ ಅಂಕಿಗಳನ್ನು ಇಟ್ಟುಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. ಇಷ್ಟು ದುಡಿಯುವವಳ ತಟ್ಟೆಗೆ ಬೀಳೋದು ಎಷ್ಟು? ಅವಳಿಗೆ ಬರೀ ಊಟ ಹೆಚ್ಚಿಸಿದರೆ ಸಾಲದು, ಸೌದೆ ನೀರಿನ ಹೊರೆ ಇಳಿಸಿದರೂ ಅವಳ ಮೈಗೆ ಊಟ ಹತ್ತುತ್ತದೆ ಅಂತ ವಾದ ಮಾಡಿದರು. ಹೆಣ್ಣಿನ ದುಡಿಮೆಯನ್ನು ಶಕ್ತಿ ನೀತಿಯ ಒಳಗೆ ತಂದಿಟ್ಟ ಇಂಥ ಮಾತು ರಿಯೋಗಿಂತ ಹತ್ತು ವರ್ಷ ಮೊದಲೇ ನಮ್ಮ ಹಳ್ಳಿಗಳ ಲೆಕ್ಕದಿಂದ ಹೊರಟಿತ್ತು.

ಆ ಗುಂಪಿನಿಂದಲೇ ಬಂದದ್ದು ಅಸ್ತ್ರ ಒಲೆ. ನಮ್ಮಜ್ಜಿ ಮನೆಯಲ್ಲಿ ಒಂದಿತ್ತು. ಸಾಲಾಗಿ ಮೂರು ಪಾತ್ರೆ ಕೂರುವ ಮೂರು ಬಾಯಿ, ಕೆಳಗೆ ಗಾಳಿಯಾಡೋಕೆ ಕಬ್ಬಿಣದ ಜಾಲರಿ, ಕೊನೆಗೆ ಹೆಂಚು ದಾಟಿ ಮೇಲೆ ಹೋಗುವ ಹೊಗೆ ಕೊಳವೆ. ಮೊದಲ ಪಾತ್ರೆಗೆ ಬಡಿದ ಬೆಂಕಿಯ ಬಿಸಿ ಮುಂದಿನ ಎರಡಕ್ಕೂ ಹೋಗುತ್ತದೆ. ಸೌದೆ ಅರ್ಧಕ್ಕರ್ಧ ಉಳಿಯುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಊದುಗೊಳವೆ ಗೂಡಿನಲ್ಲಿ ಧೂಳು ಹಿಡಿಯಿತು.

ಆದರೆ ಒಲೆಯ ಬಾಯಿ ಅಳತೆಗೆ ಸರಿಯಾದ ಪಾತ್ರೆ ಇದ್ದರೇ ಚೆನ್ನ. ಹಬ್ಬಕ್ಕೆ ದೊಡ್ಡ ತಪ್ಪಲೆ ಇಟ್ಟರೆ ಸಂದಿಯಿಂದ ಹೊಗೆ ಹೊರಗೆ ಬರುತ್ತಿತ್ತು. ಸೌದೆಯನ್ನು ಚಿಕ್ಕದಾಗಿ ಸೀಳಬೇಕು. ಕೊಳವೆಗೆ ಮಸಿ ಕಟ್ಟಿದರೆ ಮಾಡು ಹತ್ತಿ ಬಿಡಿಸಬೇಕು. ಅಜ್ಜಿ ಮಾಡು ಹತ್ತುತ್ತಿರಲಿಲ್ಲ. ಹತ್ತಬೇಕಾದವರಿಗೆ ಹೊಗೆ ತಾಗುತ್ತಿರಲಿಲ್ಲ. ಕೊನೆಗೆ ಕೊಳವೆ ಕಿತ್ತು ಹಳೇ ಮೂರು ಕಲ್ಲಿನ ಒಲೆಯೇ ವಾಪಸ್ ಬಂತು.

1983ರ ಸುಮಾರಿಗೆ ಕೇಂದ್ರ ಸರ್ಕಾರವೂ ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತ್ತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಜಾಸ್ತಿ ಒಲೆ ಕಟ್ಟಿದ್ದರು. ಎಣಿಸಿದ್ದು ಕಟ್ಟಿದ ಒಲೆಗಳನ್ನು. ಉರಿಯುತ್ತಿರುವ ಒಲೆಗಳ ಲೆಕ್ಕಕ್ಕೆ ಅಷ್ಟು ಬೆಲೆ ಇರಲಿಲ್ಲ. ಈ ಅಭ್ಯಾಸ ಮುಂದೆಯೂ ಬಿಡಲಿಲ್ಲ, ಆಮೇಲೆ ನೋಡೋಣ.

ಉಂಗ್ರದ ಹತ್ತಿರದ ಪುರ ಅನ್ನೋ ಊರಿನಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ನೂರು ಮನೆಯೂ ಇಲ್ಲದ ಊರು. ಎಲ್ಲರ ದನದ ಸಗಣಿ ಒಂದೆಡೆ ಸೇರಿಸಿ, ಗೋಬರ್ ಗ್ಯಾಸ್ ಮಾಡಿ, ಮನೆಮನೆಗೆ ಅಡುಗೆಗೆ ಕೊಡೋಣ ಅಂತ ವಿಜ್ಞಾನಿಗಳ ಲೆಕ್ಕ. ಸಗಣಿ ಸಾಲಲಿಲ್ಲ, ಗ್ಯಾಸ್ ಎಲ್ಲರ ಎರಡು ಹೊತ್ತಿನ ಅಡುಗೆಗೆ ಆಗಲಿಲ್ಲ. ಆಗ ಊರಿನವರಿಗೆ ಬೇಕಾಗಿದ್ದೇನು ಅಂತ ನೋಡಿದರೆ, ಮೊದಲು ನೀರು. 1987ರಿಂದ ಅದೇ ಗ್ಯಾಸ್‌ನಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ದುಡ್ಡು, ಜೊತೆಗೆ ಗೊಬ್ಬರವೂ ವಾಪಸ್. ವರ್ಷಗಟ್ಟಲೆ ಅದು ನಡೆಯಿತು. ನೀರು ಹೊರೋದು ಯಾರ ಕೆಲಸವಾಗಿತ್ತು ಅಂತ ನಾನು ಹೇಳಬೇಕಿಲ್ಲ ಅಲ್ವಾ?

ಅದೇ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಊರೂರಿಗೆ ನೀಲಗಿರಿ ಬಂತು. ಅದರ ಎಲೆ ದನ ತಿನ್ನಲ್ಲ, ಮರ ಹೋಗೋದು ಕಾರ್ಖಾನೆಗೆ. ಸೌದೆಗೆ, ಮೇವಿಗೆ ಹೋಗುತ್ತಿದ್ದವರ ಗೋಮಾಳ ಕೈತಪ್ಪಿತು. 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು.

ಇಷ್ಟೆಲ್ಲ ಆಗುವಾಗ ಅಡುಗೆಮನೆ ಹೊಗೆಯನ್ನು ಹವಾಮಾನದ ವಿಷಯ ಅಂತ ಯಾರೂ ಕರೆದಿರಲಿಲ್ಲ. 1991ರಲ್ಲಿ ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಬದುಕೋಕೆ ಬಿಡುವ ಹೊಗೆ ಬೇರೆ, ಐಷಾರಾಮಕ್ಕೆ ಬಿಡುವ ಹೊಗೆ ಬೇರೆ ಅಂದರು. ನ್ಯಾಯವಾದ ಮಾತು. 2002ರಲ್ಲಿ ಏಷ್ಯಾದ ಮೇಲೆ ಹೊಗೆ, ಮಸಿ ಸೇರಿ ಕವಿಯುವ ಕಂದು ಮೋಡದ ಬಗ್ಗೆ ವಿಶ್ವಸಂಸ್ಥೆಯ ವರದಿ ಬಂತು. ಮೋಡಕ್ಕೆ ಸೌದೆ ಒಲೆಯ ಮಸಿಯೂ ಸೇರಿದೆ ಅಂತ ಗೊತ್ತಾದಾಗ ದೊಡ್ಡ ಚರ್ಚೆ ಎದ್ದಿತು. ಅಂಥ ಹೊಗೆಯನ್ನು ಗುಜರಾತಿನ ಹಳ್ಳಿಗಳ ಒಲೆಯ ಮುಂದೆಯೇ ಸಂಶೋಧಕ ಕಿರ್ಕ್ ಸ್ಮಿತ್ ಮತ್ತು ಜೊತೆಗಾರರು ಅಳೆದು, 1983ರಲ್ಲೇ ಪ್ರಕಟಿಸಿದ್ದರು. ಆಗ ಇಷ್ಟು ಗದ್ದಲ ಆಗಲಿಲ್ಲ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 32 ಲಕ್ಷ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಅಂದಾಜು ಕೊಟ್ಟಿದೆ. ಹೊಗೆ ಆಕಾಶಕ್ಕೆ ಏರಿದ ಮೇಲೆ ಕಂಡಿತು. ಎದೆಯಲ್ಲಿದ್ದಾಗ ಕಂಡಿರಲಿಲ್ಲ. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

2016ರ ಮೇ 1ರಂದು ಬಡ ಮನೆಗಳಿಗೆ ಗ್ಯಾಸ್ ಕೊಡುವ ಕೇಂದ್ರದ ಉಜ್ವಲಾ ಯೋಜನೆ ಶುರುವಾಯಿತು. ಗ್ಯಾಸ್ ಕನೆಕ್ಷನ್ ಹೆಂಗಸಿನ ಹೆಸರಲ್ಲೇ. ಇದು ಸಣ್ಣ ಮಾತಲ್ಲ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಒಂದು ಪಾಸ್‌ಬುಕ್ ಸಿಕ್ಕಿತು. 2019ರ ಸೆಪ್ಟೆಂಬರ್ ಹೊತ್ತಿಗೆ ಎಂಟು ಕೋಟಿ ಕನೆಕ್ಷನ್ ಆಯಿತು, ಈಗ ಹತ್ತು ಕೋಟಿ ದಾಟಿದೆ. ಆದರೆ 2019-20ರಲ್ಲಿ ಉಜ್ವಲಾ ಮನೆಗಳು ವರ್ಷಕ್ಕೆ ತುಂಬಿಸಿದ್ದು ಸರಾಸರಿ ಮೂರು ಸಿಲಿಂಡರ್. 2023-24ರಲ್ಲಿ ನಾಲ್ಕರ ಹತ್ತಿರ ಬಂತು. ನಡುವೆ ಸಿಲಿಂಡರಿಗೆ ಮೊದಲು 200, ಆಮೇಲೆ 300 ರೂಪಾಯಿ ಸಬ್ಸಿಡಿ ಬಂದದ್ದೂ ಇದೆ. ವರ್ಷಕ್ಕೆ ನಾಲ್ಕು ಅಂದರೆ ಒಂದು ಸಿಲಿಂಡರ್ ಮೂರು ತಿಂಗಳು. ಮಿಕ್ಕ ಬೆಂಕಿ ಸೌದೆಯದ್ದೇ.

ಇನ್ನೊಂದು ಕಡೆಯಿಂದ ಕಾರ್ಬನ್ ಮಾರುಕಟ್ಟೆ ಅಡುಗೆಮನೆಗೆ ಬಂತು. ಸೌದೆ ಉಳಿಸಿದರೆ ಅಷ್ಟು ಟನ್ ಹೊಗೆ ಕಡಿಮೆ. ಆ ಟನ್ನನ್ನು ಹೊಗೆ ಬಿಡುವ ಕಂಪನಿಗಳಿಗೆ 'ಕ್ರೆಡಿಟ್' ಅಂತ ಮಾರಬಹುದು. ಬಾಗೇಪಲ್ಲಿಯ ಕೂಲಿ ಸಂಘ 2005ರಲ್ಲೇ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆಯನ್ನು ಕ್ಯೋಟೋ ಹವಾಮಾನ ಒಪ್ಪಂದದ ಕ್ರೆಡಿಟ್ ವ್ಯವಸ್ಥೆಯಡಿ ನೋಂದಾಯಿಸಿತ್ತು. ಅಲ್ಲಿ ಬಡ ಕೂಲಿಗಳ ಸಂಘವೇ ಮುಂದೆ ನಿಂತಿತ್ತು. ಎಲ್ಲಾ ಕಡೆ ಹೀಗಿಲ್ಲ. ಇಂಥ ಎಷ್ಟೋ ಯೋಜನೆಗಳಲ್ಲಿ ಒಲೆ ತಗೊಳ್ಳುವವಳು ಕಾರ್ಬನ್ ಹಕ್ಕು ಬಿಟ್ಟುಕೊಟ್ಟೆ ಅಂತ ಒಂದು ಕಾಗದಕ್ಕೆ ಸಹಿ ಹಾಕಬೇಕು. ತಾನು ಏನು ಕೊಡುತ್ತಿದ್ದೇನೆ ಅಂತ ಅವಳಿಗೆ ಬಿಡಿಸಿ ಹೇಳಿದರೇ ಅನ್ನೋದು ಮುಖ್ಯ.

ಲೆಕ್ಕದ ಹಳೇ ಅಭ್ಯಾಸ ಇಲ್ಲೂ ಮರಳಿತು. ಒಲೆ ಯೋಜನೆಗಳ ಕಾರ್ಬನ್ ಕ್ರೆಡಿಟ್‌ಗಳನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ನಿಜವಾದ ಉಳಿತಾಯಕ್ಕಿಂತ ಸುಮಾರು ಒಂಬತ್ತು ಪಟ್ಟು ಜಾಸ್ತಿ ತೋರಿಸಿದ್ದಾರೆ ಅಂತ ಕಂಡುಬಂತು. ಹೊಸ ಒಲೆಯ ಬಳಕೆಯನ್ನು ಹೆಚ್ಚಾಗಿ, ಹಳೇ ಒಲೆಯ ಬಳಕೆಯನ್ನು ಕಡಿಮೆಯಾಗಿ ಹಿಡಿದದ್ದು ಅದಕ್ಕೆ ಒಂದು ಕಾರಣ. 2023ರಲ್ಲಿ ನಮ್ಮ ದೇಶವೂ ತನ್ನದೇ ಕಾರ್ಬನ್ ಕ್ರೆಡಿಟ್ ವ್ಯಾಪಾರದ ನಿಯಮ ತಂದಿದೆ. ಹಾಗಾಗಿ ಅಡುಗೆಮನೆಯಲ್ಲಿ ನಿಜಕ್ಕೂ ಏನು ಉರಿಯುತ್ತಿದೆ ಅಂತ ನೋಡಿ ಬರೆಯೋದು ಈಗ ಇನ್ನೂ ಮುಖ್ಯ.

ನೋಡಿದರೆ ತಿಳಿಯುತ್ತದೆ. ಚಿಕ್ಕಮ್ಮ ಕಾಫಿ, ಒಗ್ಗರಣೆ, ಬೆಳಗಿನ ತಿಂಡಿ ಎಲ್ಲಾ ಗ್ಯಾಸಿನಲ್ಲೇ ಮಾಡುತ್ತಾರೆ. ಮುದ್ದೆ ಮಾತ್ರ ಸೌದೆ ಒಲೆಯಲ್ಲಿ. ಪಾತ್ರೆಗೆ ಕವೆಗೋಲು ಕೊಟ್ಟು ಅದುಮಿ, ಎರಡೂ ಕೈಯಲ್ಲಿ ಹಿಟ್ಟು ತೊಳಸಬೇಕು. ಏಳು ಜನರ ಮುದ್ದೆಗೆ ಕಟ್ಟೆ ಮೇಲಿನ ಹಗುರ ಗ್ಯಾಸ್ ಒಲೆ ಜರುಗುತ್ತದೆ. ನೆಲದ ಮೇಲಿನ ಮಣ್ಣಿನ ಒಲೆ ಅಲುಗಲ್ಲ. ಹಿತ್ತಲಲ್ಲಿ ಬಚ್ಚಲೊಲೆ ಬೇರೆ, ಅದಕ್ಕೆ ದಿನಾ ಬೆಳಿಗ್ಗೆ ತೆಂಗಿನ ಮಟ್ಟೆ, ಗರಿ, ಸಾಲದಿದ್ದರೆ ಹೊರೆಯಿಂದ ಒಂದು ತೋಳು ಸೌದೆ.

ಸರ್ಕಾರ ಇನ್ನೊಂದು ಸಲ ಏನಾದರೂ ಕೊಡೋದಾದರೆ ನಿಮಗೇನು ಬೇಕು ಅಂತ ಕೇಳಿದೆ. ಮುದ್ದೆ ಕಟ್ಟುತ್ತಾ ಸ್ವಲ್ಪ ಹೊತ್ತು ಯೋಚಿಸಿದರು.

"ಹಂಡೆ ನೀರು ಕಾಯ್ಸಕ್ಕೆ ಏನಾದ್ರೂ ಮಾಡ್ಲಿ ಕಣಪ್ಪ. ಅರ್ಧ ಸೌದೆ ಅದಕ್ಕೇ ಹೋಗ್ತದೆ. ಇದುವರ್ಗೂ ಬಂದೋರು ಯಾರೂ ಬಚ್ಚಲು ನೋಡೇ ಇಲ್ಲ."