ಕುಕ್ಕರ್ ಯಾವಾಗ ಇಡಲಿ?

ಸಾರಿಗೆ ಸಮೀಕ್ಷೆ ನನ್ನ ಕಸುಬು. ಸಭೆಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಜನ ಬಸ್ ಬಿಟ್ಟು ಬೈಕ್ ಯಾಕ ಹತ್ತತಾರ ಸರ್?" ನಾನು ಬಾಯಿ ತೆಗೆಯುವ ಮೊದಲೇ ಕೇಳಿದವರೇ ಉತ್ತರವನ್ನೂ ಕೊಡುತ್ತಾರೆ. ಟಿಕೆಟ್ ದರ ಇಳಿಸಬೇಕು, ಇಲ್ಲವೇ ಬಸ್ ಜೋರಾಗಿ ಓಡಬೇಕು. ಅಲ್ರೀ, ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಆಗಿದೆಯಲ್ಲ! 2018ರಿಂದ ಎರಡೂ ಊರುಗಳ ನಡುವೆ ಚಿಗರಿ ಎಂಬ ವೇಗದ ಬಸ್ ತನ್ನದೇ ಪಥದಲ್ಲಿ ಓಡುತ್ತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ.

ಹುಬ್ಬಳ್ಳಿ ಕೇಶ್ವಾಪುರದ ಅಕ್ಕಾವ್ರೊಬ್ಬರು ಧಾರವಾಡದಲ್ಲಿ ಕೆಲಸಕ್ಕಿದ್ದಾರೆ. ನಮ್ಮ ಹುಡುಗರ ಸಮೀಕ್ಷೆ ಫಾರ್ಮಿನಲ್ಲಿ 'ಬಸ್' ಎಂದಷ್ಟೇ ಬರೆಸಿದ್ದರು. ಕೂತು ಕೇಳಿದರೆ ಕಥೆಯೇ ಬೇರೆ. ಒಂದು ದಿನ ಮಗನ ಬೈಕ್ ಮೇಲೆ ಹುಬ್ಬಳ್ಳಿಯದೇ ಹೊಸೂರು ನಿಲ್ದಾಣ, ಅಲ್ಲಿಂದ ಚಿಗರಿ. ಮರುದಿನ ಹೊಸೂರಿಗೆ ಆಟೋ. ವಾರದಲ್ಲಿ ಒಂದೆರಡು ಸಲ ಧಾರವಾಡದ ತನಕ ಸ್ವಂತ ಸ್ಕೂಟಿ.

"ಚಿಗರಿ ಛಲೋ ಐತ್ರಿ. ಅಲ್ಲೀತನಕ ಮುಟ್ಟೋದ ತ್ರಾಸ. ನಮ್ಮ ಕಡೆ ಬಸ್ ಬರಂಗಿಲ್ಲ ಅಂತಲ್ಲ, ಬರತೈತಿ. ಯಾವಾಗ ಬರತೈತಿ ಅನ್ನೋದ ಗೊತ್ತಿಲ್ಲಂದ್ರ ಮುಂಜಾನೆ ಕುಕ್ಕರ್ ಯಾವಾಗ ಇಡಲಿ?"

ಇದನ್ನೇ ನಾನು ಹಲಗೆಯ ಮೇಲೆ ಬರೆದು ಬರೆದು ಸಾಕಾಗಿದ್ದೇನೆ. ಇನ್ನೊಮ್ಮೆ ನೋಡಿ. ತಾಸಿಗೆ ಆರು ಬಸ್. ಸರಿಯಾಗಿ 10 ನಿಮಿಷಕ್ಕೊಂದು ಬಂದರೆ, ಗಡಿಯಾರ ನೋಡದೆ ನಿಲ್ದಾಣಕ್ಕೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಆರು ಬಸ್ ಜೋಡಿಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ? ಕಾಯುವುದು 10 ನಿಮಿಷ. ಎರಡು ಪಟ್ಟು! ಕಚೇರಿಯ ಕಾಗದದಲ್ಲಿ ಮಾತ್ರ ಈಗಲೂ ತಾಸಿಗೆ ಆರೇ. ಅದೂ ಅಲ್ಲದೆ, ನಿಂತು ಕಾಯುವ ಒಂದು ನಿಮಿಷ ಜನರಿಗೆ ಬಸ್ಸಿನೊಳಗಿನ ಸುಮಾರು ಎರಡು ನಿಮಿಷದಷ್ಟು ಭಾರ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಈ ಅಂಕಿ ಹೆಚ್ಚುಕಡಿಮೆ ಆಗುತ್ತದೆ, ಹಾಗಾಗಿ 'ಸುಮಾರು' ಎಂಬ ಮಾತನ್ನು ದಯವಿಟ್ಟು ಅಳಿಸಬೇಡಿ.

ಜೋಡಿಯಾಗುವುದಕ್ಕೆ ಡ್ರೈವರನನ್ನು ಬೈದು ಉಪಯೋಗವಿಲ್ಲ. ಮುಂದೆ ಹೊರಟ ಬಸ್ ತುಸು ತಡವಾಯಿತು ಅನ್ನಿ, ಸ್ಟಾಪಿನಲ್ಲಿ ಜನ ಕೂಡಿಬಿಡುತ್ತಾರೆ. ಅಷ್ಟೂ ಮಂದಿ ಹತ್ತುವಷ್ಟರಲ್ಲಿ ಇನ್ನಷ್ಟು ತಡ. ಹಿಂದಿನದಕ್ಕೆ ಹತ್ತುವವರೇ ಇಲ್ಲ. ಅದು ಹಗುರಾಗಿ ಓಡಿಬಂದು ಮುಂದಿನದರ ಬಾಲ ಹಿಡಿಯುತ್ತದೆ.

ಎಲ್ಲರ ಲೆಕ್ಕವೂ ಕುಕ್ಕರಿನದೇ ಎನ್ನಲಾರೆ. ವಿದ್ಯಾನಗರದ ಕಾಲೇಜು ಹುಡುಗರು ಬೈಕ್ ಹತ್ತುವ ಕಾರಣವನ್ನು ಯಾವ ಫಾರ್ಮಿನಲ್ಲೂ ಬರೆಸಿಕೊಳ್ಳಲು ಆಗುವುದಿಲ್ಲ, ಬಿಡಿ. ಅಕ್ಕಾವ್ರಂಥವರಿಗಾದರೂ ಮಾಡಬಹುದಾದ ಕೆಲಸ ಸಣ್ಣದು. ಹಿಂದಿನ ಬಸ್ ಮುಂದಿನದಕ್ಕೆ ಹತ್ತಿರವಾಗತೊಡಗಿದಾಗಲೇ ಅದನ್ನು ಒಂದು ಸ್ಟಾಪಿನಲ್ಲಿ ಎರಡು-ಮೂರು ನಿಮಿಷ ತಡೆದು ಬಿಡಬೇಕು. ಒಳಗೆ ಕೂತವರು "ಯಾಕ ನಿಲ್ಲಿಸೀರಿ, ಬಿಡ್ರಿ ಗಾಡಿ!" ಎಂದು ಒದರುತ್ತಾರೆ. ಹೀಗೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟಿರಿ.